ಕೊಪ್ಪಳಕ್ಕೆ ಎಷ್ಟು ಅಕ್ಷರ?

ಕೊಪ್ಪಳ ಎಂಬ ಹೆಸರಿನಲ್ಲಿ ಅಕ್ಷರಗಳೆಷ್ಟು? ಒಂದನೇ ತರಗತಿಯ ಮಗು ಬೆರಳು ಮಡಚಿ ಮೂರು ಎನ್ನುತ್ತದೆ. ಪೈಥಾನ್ ಎಂಬ ಗಣಕ ಭಾಷೆಯನ್ನು ಕೇಳಿದರೆ ಆರು ಎನ್ನುತ್ತದೆ. ಸಿ ಭಾಷೆಯ ಲೈಬ್ರರಿಯಲ್ಲಿ ಬಹಳ ಹಿಂದಿನಿಂದ ಇರುವ 'ಸ್ಟ್ರ್‌ಲೆನ್' ಎಂಬ ಫಂಕ್ಷನ್ನನ್ನು ಕೇಳಿದರೆ 18 ಎನ್ನುತ್ತದೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಮಗು ಕಣ್ಣಿಗೆ ಕಂಡ ಕೊ, ಪ್ಪ, ಳ ಇವನ್ನು ಎಣಿಸಿತು. ಪೈಥಾನ್ ಎಣಿಸಿದ್ದು ಯೂನಿಕೋಡ್ ಸಂಕೇತಗಳನ್ನು: ಕ, ಒಕಾರದ ಚಿಹ್ನೆ, ಪ, ಹಲಂತದ ಚಿಹ್ನೆ, ಮತ್ತೊಂದು ಪ, ಳ. ಸಿ ಬೈಟುಗಳನ್ನು ಎಣಿಸಿತು. ಈಗ ಎಲ್ಲೆಡೆ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಆರು ಮೂರಲೆ ಹದಿನೆಂಟು.

ಇದು ಬರೀ ಒಗಟಾಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಈ ಮೂವರ ನಡುವೆ ಮಾತುಕತೆ ಸರಿಯಾಗಿ ನಡೆಯದಿದ್ದರೆ ಮಕ್ಕಳ ಹೆಸರೇ ಕೆಡುತ್ತದೆ. 2022ರಲ್ಲಿ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆದದ್ದು ಅದೇ.

ಅಲ್ಲಿಯ ಹುಡುಗಿಯೊಬ್ಬಳು ಕೊಪ್ಪಳದಲ್ಲಿ ಬಿಎಸ್ಸಿ ಓದುತ್ತಿದ್ದಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಶಾಲೆಗಳ ಮಕ್ಕಳಿಗೆ ನಡೆದ ಒಂದು ರಸಪ್ರಶ್ನೆ ಸ್ಪರ್ಧೆಗೆ ಪ್ರಶಸ್ತಿಪತ್ರ ಸಿದ್ಧಪಡಿಸುವ ಕೆಲಸ ಅವಳ ಪಾಲಿಗೆ ಬಂತು. ಇನ್ನೂರಕ್ಕೂ ಹೆಚ್ಚು ಹೆಸರು. ಕೈಯಲ್ಲಿ ಬರೆದರೆ ವಾರ ಹಿಡಿಯುತ್ತದೆ. ಅವಳು ಪೈಥಾನಿನಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಮು ಬರೆದಳು. ಹೆಸರುಗಳ ಪಟ್ಟಿ ಓದುವುದು, ಖಾಲಿ ಪತ್ರದ ಚಿತ್ರದ ಮೇಲೆ ಹೆಸರು, ಶಾಲೆ, ಊರು ಬರೆಯುವುದು, ಉಳಿಸುವುದು, ಇಷ್ಟೇ. ಚಿತ್ರದ ಮೇಲೆ ಬರೆಯಲು 'ಪಿಲ್ಲೋ' ಎಂಬ ಲೈಬ್ರರಿ ಉಂಟು.

ಮೊದಲ ಪತ್ರ ತೆರೆಗೆ ಬಂತು. ಕೊಪ್ಪಳದ ಪ ಒತ್ತು ಕೆಳಗೆ ಇಳಿಯದೆ, ಹಲಂತದ ಕೊಂಡಿ ಹೊತ್ತ ಪ ಒಂದು ಕಡೆ, ಇನ್ನೊಂದು ಪ ಅದರ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದ್ದವು. ಕುಷ್ಟಗಿಯ ಷ ಮತ್ತು ಟ ಜಗಳವಾಡಿದವರಂತೆ ದೂರವಾಗಿದ್ದವು. ಯಲಬುರ್ಗಾದಲ್ಲಿ ಅರ್ಕಾವತ್ತು ಮಾಯ. ಒತ್ತಕ್ಷರವೇ ಇಲ್ಲದ ಗಂಗಾವತಿಯೂ ಪಾರಾಗಲಿಲ್ಲ, ಅದರ ಕೊನೆಯ ತ ತಲೆಕಟ್ಟು ಬಿಡದೆ ಗುಡಿಸನ್ನು ಬೇರೆಯಾಗಿ ಹೊತ್ತುಕೊಂಡಿತ್ತು. ಬಸಮ್ಮ, ವಿಶ್ವನಾಥ, ಚೆನ್ನಬಸವ್ವ ಎಲ್ಲರ ಹೆಸರಿನದೂ ಇದೇ ಪಾಡು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ತಂದೆ ಕೇಳಿದ್ದು ಒಂದೇ ಮಾತು: "ಊರ ಹೆಸರು ಬರಿಯಾಕ ಬರದ ಯಂತ್ರ, ಅದೆಂಥಾ ಯಂತ್ರವ್ವಾ?"

ಎರಡು ವರ್ಷ ಫೀ ಕಟ್ಟಿದವರ ಮಾತು ಅದು. ಮಗಳಿಗೆ ಉತ್ತರ ಹೊಳೆಯಲಿಲ್ಲ. ಫಾಂಟಿನದೇ ತಪ್ಪು ಇರಬೇಕೆಂದು ಮೂರು ಫಾಂಟು ಬದಲಾಯಿಸಿದಳು, ಮೂರರಲ್ಲೂ ಅದೇ ಕಥೆ. ಆದರೆ ಅದೇ ಫಾಂಟಿನಲ್ಲಿ ಅದೇ ಲ್ಯಾಪ್‌ಟಾಪಿನ ಬ್ರೌಸರು ಕೊಪ್ಪಳವನ್ನು ಮುತ್ತಿನಂತೆ ತೋರಿಸುತ್ತಿತ್ತು. ತನ್ನ ಪ್ರೋಗ್ರಾಮೇ ಕೆಟ್ಟಿದೆ ಎಂದುಕೊಂಡು ಅದನ್ನು ಕೊಪ್ಪಳದ ಗೆಳತಿಗೆ ಕಳುಹಿಸಿದಳು. ಗೆಳತಿಯ ಯಂತ್ರದಲ್ಲಿ ವಿಂಡೋಸ್ ಇರಲಿಲ್ಲ, ಉಬುಂಟು ಇತ್ತು. ಅರ್ಧ ಗಂಟೆಯಲ್ಲಿ ಅಲ್ಲಿಂದ ಚಿತ್ರ ಬಂತು. ಒಂದು ಒತ್ತೂ ತಪ್ಪಿಲ್ಲ! ಪ್ರೋಗ್ರಾಮು ಅದೇ, ಫಾಂಟು ಅದೇ, ಪಿಲ್ಲೋ ಆವೃತ್ತಿಯೂ ಅದೇ. ಪತ್ರಗಳೇನೋ ಅಂದು ರಾತ್ರಿ ಗೆಳತಿಯ ಯಂತ್ರದಲ್ಲೇ ತಯಾರಾದವು. ಹುಡುಗಿಗೆ ಮಾತ್ರ ನಿದ್ದೆ ಬರಲಿಲ್ಲ.

ಗುಟ್ಟು ಇರುವುದು ಪ್ರೋಗ್ರಾಮಿನ ಕೆಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ. ಗಣಕ ಭಾಷೆಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಸಿ, ಸಿ ಪ್ಲಸ್ ಪ್ಲಸ್‌ನಂಥವುಗಳಲ್ಲಿ ಬರೆದದ್ದನ್ನು ಮೊದಲೇ ಪೂರ್ತಿಯಾಗಿ ಯಂತ್ರದ ಸಂಕೇತಕ್ಕೆ ಇಳಿಸಿಟ್ಟುಕೊಳ್ಳುತ್ತಾರೆ. ಇದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ಓಟ ಜೋರು, ಬರೆಯುವ ಶ್ರಮವೂ ಜೋರು. ಪೈಥಾನ್, ಪರ್ಲ್‌ನಂಥ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಬರೆಯುವುದು ಸಲೀಸು, ಬರೆದ ಕೂಡಲೇ ಓಡಿಸಬಹುದು, ಆದರೆ ಕೋಟಿ ಸಲ ತಿರುಗುವ ಲೆಕ್ಕ ಕೊಟ್ಟರೆ ಸಿಗಿಂತ ಹತ್ತಾರು ಪಟ್ಟು ನಿಧಾನ. ಅದಕ್ಕೇ ಬುದ್ಧಿವಂತರು ಭಾರದ ಕೆಲಸವನ್ನು ಸಿಯಲ್ಲಿ ಬರೆದಿಟ್ಟು, ಮೇಲಿಂದ ಪೈಥಾನಿನಲ್ಲಿ ಅಪ್ಪಣೆ ಕೊಡುತ್ತಾರೆ. ಪಿಲ್ಲೋದ ಕಥೆಯೂ ಅಷ್ಟೇ. ಮೇಲೆ ಪೈಥಾನ್, ಒಳಗೆ ಸಿ. ಅಕ್ಷರದ ಆಕಾರ ಬಿಡಿಸಲು 'ಫ್ರೀಟೈಪ್'. ಯಾವ ಅಕ್ಷರಕ್ಕೆ ಯಾವ ಒತ್ತು ಎಲ್ಲಿ ಕೂರಬೇಕೆಂದು ತೀರ್ಮಾನಿಸಲು 'ಹಾರ್ಫ್‌ಬಝ್'. ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ, ಉರ್ದುಗಳ ದಿಕ್ಕು ನೋಡಲು 'ಫ್ರಿಬಿಡಿ'. ಈ ಮೂವರನ್ನೂ ಒಟ್ಟಿಗೆ ದುಡಿಸಲು 'ರಾಕ್ಮ್' ಎಂಬ ಇನ್ನೊಂದು ಪುಟ್ಟ ಲೈಬ್ರರಿ. ಅದು ಪಿಲ್ಲೋಗೆ ಸೇರಿದ್ದು 2017ರಲ್ಲಿ.

ವಿಂಡೋಸ್ ಯಂತ್ರದಲ್ಲಿ ಆಗ ಇಲ್ಲದೇ ಇದ್ದದ್ದು ಫ್ರಿಬಿಡಿ ಒಂದೇ! ಉಬುಂಟುವಿನಲ್ಲಿ ಅದು ಮೊದಲೇ ಇರುತ್ತದೆ. ಅದಿಲ್ಲದಿದ್ದರೆ ರಾಕ್ಮ್ ಏಳುವುದಿಲ್ಲ, ರಾಕ್ಮ್ ಏಳದಿದ್ದರೆ ಹಾರ್ಫ್‌ಬಝ್‌ಗೆ ಕರೆ ಹೋಗುವುದಿಲ್ಲ, ಆಗ ಪಿಲ್ಲೋ ಸುಮ್ಮನೆ ಹಳೆಯ ಸರಳ ವಿಧಾನಕ್ಕೆ ಜಾರಿ ಅಕ್ಷರಗಳನ್ನು ಒಂದರ ಮುಂದೊಂದು ಇಟ್ಟುಬಿಡುತ್ತದೆ. ಕನ್ನಡಕ್ಕೆ ಬಲದಿಂದ ಎಡಕ್ಕೆ ಬರೆಯುವ ಪ್ರಮೇಯವೇ ಇಲ್ಲ. ಆದರೂ ಅರಬ್ಬಿಯ ದಿಕ್ಕು ನೋಡುವವನು ಬಾರದ ದಿನ ಕೊಪ್ಪಳದ ಒತ್ತು ಬಿತ್ತು. ಎಚ್ಚರಿಕೆಯ ಒಂದು ಸಾಲೂ ತೆರೆಯ ಮೇಲೆ ಮೂಡಲಿಲ್ಲ. ತಪ್ಪಾದಾಗ ಕೂಗುವ ಪ್ರೋಗ್ರಾಮಿಗಿಂತ ತಪ್ಪಾದರೂ ಮುಗುಳ್ನಗುವ ಪ್ರೋಗ್ರಾಮು ಹೆಚ್ಚು ಅಪಾಯ. 'ರಾಕ್ಮ್ ಇದೆಯೇ' ಎಂದು ಪಿಲ್ಲೋವನ್ನು ಒಂದೇ ಸಾಲಿನಲ್ಲಿ ಕೇಳಬಹುದು, ಇದೆ ಅಥವಾ ಇಲ್ಲ ಎಂದು ಅದು ಪ್ರಾಮಾಣಿಕವಾಗಿಯೇ ಹೇಳುತ್ತದೆ. ಆದರೆ ಕೇಳಬೇಕೆಂದು ಗೊತ್ತಿರಬೇಕಲ್ಲ!

ಒತ್ತಕ್ಷರದ ಸಮಸ್ಯೆ ನಿನ್ನೆ ಮೊನ್ನೆಯದೂ ಅಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆ ಬ್ರಾಹ್ಮಿಯಲ್ಲೇ ಸಂಯುಕ್ತಾಕ್ಷರವನ್ನು ಒಂದರ ಕೆಳಗೊಂದು ಪೇರಿಸುವ ಪದ್ಧತಿ ಬಂದಿತ್ತು. ಕಲ್ಲಿಗೆ ಉಳಿ ಹಿಡಿದವನಿಗೆ ಎಲ್ಲಿ ಪೇರಿಸಬೇಕೆಂದು ಕಣ್ಣು ಹೇಳುತ್ತಿತ್ತು. ಯಂತ್ರಕ್ಕೆ ಹೇಳಲು ಹಾರ್ಫ್‌ಬಝ್ ಬೇಕು. ಯಲಬುರ್ಗಾವನ್ನೇ ನೋಡಿ: ಉಚ್ಚಾರದಲ್ಲಿ ರ್ ಮೊದಲು, ಗಾ ಆಮೇಲೆ, ಯೂನಿಕೋಡ್ ಅದನ್ನು ಕೂಡಿಡುವುದೂ ಅದೇ ಕ್ರಮದಲ್ಲಿ, ಬರವಣಿಗೆಯಲ್ಲಿ ಮಾತ್ರ ಅರ್ಕಾವತ್ತು ಗಾ ದಾಟಿ ಹಿಂದೆ ಬರುತ್ತದೆ. ಈ ಅದಲುಬದಲನ್ನು ಯಾರಾದರೂ ಮಾಡಲೇಬೇಕು. ಬರಹ, ನುಡಿಯ ಹಳೆಯ ಫಾಂಟುಗಳ ಕಾಲದಲ್ಲಿ ಕೀಲಿ ಒತ್ತಿದ ಕೂಡಲೇ ಒತ್ತಿನ ಆಕಾರವನ್ನೇ ಕಡತದಲ್ಲಿ ಇಡುತ್ತಿದ್ದುದರಿಂದ ಈ ತಾಪತ್ರಯ ಇರಲಿಲ್ಲ. ಬದಲಿಗೆ ಫಾಂಟು ಬದಲಾದರೆ ಇಡೀ ಪತ್ರವೇ ಕಲಸುಮೇಲೋಗರವಾಗುವ ಬೇರೆ ತಾಪತ್ರಯವಿತ್ತು.

ಅದಿರಲಿ. ಎರಡು ಭಾಷೆಗಳ ನಡುವೆ ಕೂತು ಮಾತು ದಾಟಿಸುವ ತುಣುಕಿಗೆ 'ರ‍್ಯಾಪರ್' ಅಥವಾ 'ಬೈಂಡಿಂಗ್' ಎಂದು ಹೆಸರು. ಮಗಳು ಇದನ್ನು ತಂದೆಗೆ ವಿವರಿಸಲು ಹೆಣಗುತ್ತಿದ್ದಾಗ ಸುಲಭ ಮಾಡಿದವರು ತಂದೆಯೇ. "ಅಂದ್ರ ನಮ್ಮ ಹೊಲದಾಗಿನ ಸ್ಟಾರ್ಟರ್ ಡಬ್ಬಿ ಇದ್ದಂಗ" ಎಂದರು. ಬೋರ್‌ವೆಲ್ಲಿನ ಆಳದಲ್ಲಿ ತ್ರೀ ಫೇಸ್ ಮೋಟಾರು. ಮೇಲೆ ಹಸಿರು ಗುಂಡಿ, ಕೆಂಪು ಗುಂಡಿ. ಗುಂಡಿ ಒತ್ತುವವನಿಗೆ ಮೋಟಾರಿನ ಒಳಗಿನ ಸುತ್ತು ಗೊತ್ತಿರಬೇಕಾಗಿಲ್ಲ, ನಡುವಿನ ಡಬ್ಬಿಯಲ್ಲಿ ವೈರು ಸರಿಯಾಗಿ ಕಟ್ಟಿದ್ದರಾಯಿತು. ಮೂರರಲ್ಲಿ ಯಾವುದೇ ಎರಡು ವೈರು ಅದಲುಬದಲಾದರೆ? ಮೋಟಾರು ನಿಲ್ಲುವುದಿಲ್ಲ, ತಿರುಗುತ್ತದೆ, ಆದರೆ ಉಲ್ಟಾ. ಸದ್ದು ಬರುತ್ತದೆ, ನೀರು ಸರಿಯಾಗಿ ಬರುವುದಿಲ್ಲ. ಪಾಠ ಮಾಡುವವರಿಗೂ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದು ಕಷ್ಟ.

ಉಲ್ಟಾ ತಿರುಗುವುದನ್ನು ಅವಳು ಕಣ್ಣಾರೆ ಕಂಡಳು. ಪೈಥಾನಿನಲ್ಲಿ 2006ರಿಂದ 'ಸಿಟೈಪ್ಸ್' ಎಂಬ ಸಲಕರಣೆ ಜೊತೆಗೇ ಬರುತ್ತದೆ. ಸಿಯ ಒಂದಕ್ಷರ ಬರೆಯದೆ ಸಿ ಲೈಬ್ರರಿಯ ಫಂಕ್ಷನ್ನನ್ನು ನೇರವಾಗಿ ಕರೆಯಬಹುದು. ಕೊಪ್ಪಳಕ್ಕೆ 18 ಎಂಬ ಉತ್ತರ ಅವಳಿಗೆ ಸಿಕ್ಕಿದ್ದು ಅದರಿಂದಲೇ. ಹುರುಪಿನಿಂದ ವರ್ಗಮೂಲದ ಫಂಕ್ಷನ್ನಿಗೆ 2 ಕೊಟ್ಟಳು. 1.414 ಬರಬೇಕಾದಲ್ಲಿ ತಲೆಬುಡವಿಲ್ಲದ ಒಂದು ಪೂರ್ಣಾಂಕ ಬಂತು. ಕಾರಣ ಇಷ್ಟೇ: ಏನೂ ಹೇಳದಿದ್ದರೆ ಸಿಟೈಪ್ಸ್ ಎಲ್ಲ ಉತ್ತರವೂ ಪೂರ್ಣಾಂಕ ಎಂದುಕೊಳ್ಳುತ್ತದೆ. ಪೂರ್ಣಾಂಕಕ್ಕೂ ದಶಮಾಂಶ ಸಂಖ್ಯೆಗೂ ಪ್ರೊಸೆಸರಿನಲ್ಲಿ ಬೇರೆ ಬೇರೆ ಖಾನೆಗಳು. ಅವಳ 2 ಒಂದು ಖಾನೆಗೆ ಹೋಯಿತು, ಸಿ ಬೇರೊಂದು ಖಾನೆಯಲ್ಲಿ ಹುಡುಕಿತು. ಉತ್ತರವನ್ನು ಸಿ ಒಂದು ಕಡೆ ಇಟ್ಟಿತು, ಪೈಥಾನ್ ಇನ್ನೊಂದು ಕಡೆ ನೋಡಿತು. ಕೊಡುವುದೂ ದಶಮಾಂಶ, ಪಡೆಯುವುದೂ ದಶಮಾಂಶ ಎಂದು ಎರಡು ಸಾಲು ಸೇರಿಸಿದ ಮೇಲೆ 1.4142135623730951 ಬಂತು.

ರ‍್ಯಾಪರಿನ ದುಡಿಮೆ ಅದೇ. ಪೈಥಾನಿನಲ್ಲಿ 5 ಎಂಬ ಪುಟ್ಟ ಸಂಖ್ಯೆ ಕೂಡ ಮೈತುಂಬ ಹೊದ್ದುಕೊಂಡಿರುತ್ತದೆ. ತನ್ನನ್ನು ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಲೆಕ್ಕ, ತಾನು ಯಾವ ಜಾತಿಯದೆಂಬ ಗುರುತು ಎಲ್ಲ ಸೇರಿ ಇಂದಿನ 64 ಬಿಟ್ ಯಂತ್ರದಲ್ಲಿ ಅದು 28 ಬೈಟು. ಸಿಗೆ ಬೇಕಾದದ್ದು ಬರೀ 4 ಬೈಟು. ಹೊದಿಕೆ ಬಿಚ್ಚಿ ಒಳಗೆ ಕಳಿಸಬೇಕು, ಬಂದ ಉತ್ತರಕ್ಕೆ ಮತ್ತೆ ಹೊದಿಕೆ ಸುತ್ತಿ ಹೊರಗೆ ಕೊಡಬೇಕು. ಸಿ ತನ್ನ ಕೆಲಸಕ್ಕೆ ಪಡೆದ ಮೆಮೊರಿಯನ್ನು ಕೊನೆಗೆ ಹಿಂದಿರುಗಿಸುವವರು ಯಾರೆಂಬುದೂ ಮೊದಲೇ ಗೊತ್ತಿರಬೇಕು. ಮದುವೆಗೆ ತಂದ ಬಾಡಿಗೆ ಪಾತ್ರೆಯ ಹಾಗೆ: ಯಾರೂ ಮರಳಿಸದಿದ್ದರೆ ನಷ್ಟ, ಇಬ್ಬರೂ ಮರಳಿಸಲು ಹೋದರೆ ರಂಪ. ಗಣಕದಲ್ಲಿ ರಂಪವೆಂದರೆ ಇಡೀ ಪ್ರೋಗ್ರಾಮು ಅಲ್ಲೇ ಕುಸಿಯುವುದು.

ಈ ಬೇಸರದ ದುಡಿಮೆಯನ್ನು ಯಂತ್ರಕ್ಕೇ ಒಪ್ಪಿಸಿದವರಲ್ಲಿ ಡೇವಿಡ್ ಬೀಝ್ಲಿ ಪ್ರಮುಖರು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಪರಮಾಣುಗಳ ಚಲನೆಯನ್ನು ಲೆಕ್ಕ ಹಾಕುವ ದೊಡ್ಡ ಸಿ ಪ್ರೋಗ್ರಾಮೊಂದಿತ್ತು. ಅದನ್ನು ಸ್ಕ್ರಿಪ್ಟಿನಿಂದ ನಡೆಸಬೇಕೆಂಬ ಆಸೆಯಿಂದ 1995ರಲ್ಲಿ ಅವರು 'ಸ್ವಿಗ್' ಎಂಬ ತಂತ್ರಾಂಶ ಕಟ್ಟಿದರು. ಸಿ ಫಂಕ್ಷನ್ನುಗಳ ಪಟ್ಟಿ ಕೊಟ್ಟರೆ ಸಾಕು, ರ‍್ಯಾಪರನ್ನು ಅದೇ ಬರೆಯುತ್ತದೆ. 1996ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೂ ಮೊದಲೇ, 1988ರಲ್ಲಿ, ಜಾನ್ ಔಸ್ಟರ್‌ಹೌಟ್ ಟಿಸಿಎಲ್ ಭಾಷೆಯನ್ನು ಸಿ ಪ್ರೋಗ್ರಾಮುಗಳ ಒಳಗೆ ಕೂರಿಸಲೆಂದೇ ರೂಪಿಸಿದ್ದರು. 'ಸಿ ಹಳೆಯದಾಯ್ತು, ನಮ್ಮ ಹುಡುಗನಿಗೆ ಪೈಥಾನ್ ಸಾಕಲ್ಲವೇ?' ಎಂದು ಕೇಳುವ ಪಾಲಕರು ಗಮನಿಸಬೇಕಾದದ್ದು ಒಂದಿದೆ: ಎಲ್ಲರೂ ಬಳಸುವ ಪೈಥಾನ್ ಸ್ವತಃ ಸಿಯಲ್ಲೇ ಬರೆದದ್ದು. ಪೈಥಾನಿನಿಂದ ಶುರುಮಾಡುವುದು ಒಳ್ಳೆಯದೇ. ಡಬ್ಬಿಯ ಮುಚ್ಚಳ ತೆರೆಯುವ ದಿನ ಬಂದಾಗ ಸಿ ಗೊತ್ತಿಲ್ಲದಿದ್ದರೆ ಬೇರೆಯವರಿಗಾಗಿ ಕಾಯುತ್ತ ಕೂರಬೇಕು.

ಹುಡುಗಿ ಆಮೇಲೆ ಫ್ರಿಬಿಡಿಯನ್ನು ತನ್ನ ಲ್ಯಾಪ್‌ಟಾಪಿಗೂ ಹಾಕಿಕೊಂಡಳು, ಕೊಪ್ಪಳದ ಒತ್ತು ತನ್ನ ಜಾಗಕ್ಕೆ ಇಳಿಯಿತು. ಇಲ್ಲಿಗೆ ಬಿಡಲಿಲ್ಲ. ಪೈಥಾನಿನಲ್ಲಿ ಕೊಪ್ಪಳವನ್ನು ಹಿಂದುಮುಂದು ಮಾಡಿಸಿದರೆ ಳಪ್ಪೊಕ ಎಂದು ಬರುತ್ತದೆ. ಒಕಾರ ಕ ಬಿಟ್ಟು ಪಕ್ಕದ ಪ್ಪ ಹಿಡಿದಿರುತ್ತದೆ. ಯಲಬುರ್ಗಾವನ್ನು ತಿರುಗಿಸಿದರಂತೂ ಮೊದಲಿಗೆ ಹಿಡಿಯಲು ಅಕ್ಷರವೇ ಇಲ್ಲದ ದೀರ್ಘವೊಂದು ಗಾಳಿಯಲ್ಲಿ ನೇತಾಡುತ್ತದೆ. ನೀವೂ ಮಾಡಿ ನೋಡಿ. ಮಗು ಎಣಿಸಿದ ಹಾಗೆ ಎಣಿಸುವ ಲೈಬ್ರರಿ ಇದೆಯೇ ಎಂದು ಹುಡುಕಿ, ಸಿ ಪ್ಲಸ್ ಪ್ಲಸ್‌ನ 'ಐಸಿಯು' ಲೈಬ್ರರಿಯನ್ನು ಅದರ ಪೈಥಾನ್ ಬೈಂಡಿಂಗಿನ ಮೂಲಕ ಕೇಳಿದಳು. ಅದು ಕೊ, ಪ್, ಪ, ಳ ಎಂದು ನಾಲ್ಕು ಎಣಿಸಿತು! ಒತ್ತಕ್ಷರವನ್ನು ಒಂದೇ ಎಂದು ಎಣಿಸುವ ನಿಯಮವನ್ನು ಯೂನಿಕೋಡ್ ಸೇರಿಸಿದ್ದು 2023ರ 15.1 ಆವೃತ್ತಿಯಲ್ಲಿ. ಆಗ ಆ ಪಟ್ಟಿಯಲ್ಲಿ ತೆಲುಗು, ಮಲಯಾಳಂ, ದೇವನಾಗರಿ ಇದ್ದವು, ಕನ್ನಡ ಇರಲಿಲ್ಲ. ಕೊನೆಗೆ, ಹಲಂತದ ಮುಂದೆ ವ್ಯಂಜನ ಬಂದರೆ ಎರಡನ್ನೂ ಕೂಡಿಸು ಎಂಬ ನಿಯಮವನ್ನು ಅವಳೇ ಹತ್ತು ಸಾಲಿನಲ್ಲಿ ಬರೆದು ಮೂರು ಎಂಬ ಉತ್ತರ ತರಿಸಿದಳು.