ಸೋರುವ ಮಾಳಿಗೆಗೆ ಗಿಟಾರು

ತತ್ವಪದ ಎಂದರೆ ನನಗೆ ಪ್ರಾಣ. ಅದಕ್ಕೆ ಗಿಟಾರು, ಡ್ರಮ್ಮು ಸೇರಿಸಿ ‘ಫ್ಯೂಷನ್’ ಅಂದರೆ ಮಾತ್ರ ಕಿವಿ ಒಪ್ಪುವುದಿಲ್ಲ. ಮಡಿವಂತಿಕೆಯಿಂದ ಹೇಳುವ ಮಾತಲ್ಲ ಇದು. ತತ್ವಪದದ ಜೀವ ಇರುವುದು ಮಾತಿನಲ್ಲಿ. ತಾಳದ ಅಬ್ಬರದಲ್ಲಿ ಮಾತೇ ಕೇಳದೆ ಹೋದರೆ ಉಳಿಯುವುದು ಬರೀ ಕುಣಿತ. ಊರ ಗಣಪತಿ ಬಿಡುವಾಗ ಟ್ರ್ಯಾಕ್ಟರಿಗೆ ಕಟ್ಟಿದ ಸ್ಪೀಕರುಗಳಲ್ಲಿ ‘ಜನಪದ’ ಕೇಳಿದವರಿಗೆ ಇದು ಗೊತ್ತು: ಎದೆಗೂಡು ಅದುರುತ್ತದೆ, ಪದ ಒಂದೂ ಕಿವಿಗೆ ಬೀಳುವುದಿಲ್ಲ.

ಹಾಗಿದ್ದೂ ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಿನ ಒಂದು ಹಾಡು ನನ್ನನ್ನು ಬಿಟ್ಟಿಲ್ಲ. ಅಕ್ಕನ ಮಗನ ಕಾರಿನಲ್ಲಿ ತುರುವೇಕೆರೆಯಿಂದ ಕೆ.ಬಿ. ಕ್ರಾಸ್ ದಾಟಿ ಚಿಕ್ಕನಾಯಕನಹಳ್ಳಿಗೆ ಹೊರಟಿದ್ದೆವು. “ಮಾವ, ಇದೊಂದ್ ಕೇಳಿ. ಹಿಡಿಸಲಿಲ್ಲ ಅಂದ್ರೆ ಆಫ್ ಮಾಡ್ತೀನಿ” ಅಂದ. ಆಲ್ಬಮ್ಮಿನಲ್ಲಿ ಹೆಚ್ಚಿನವು ಹಿಂದಿ ಹಾಡುಗಳು. ಚೆನ್ನಾಗಿವೆ, ಆದರೆ ನನಗೆ ಅಂಟಲಿಲ್ಲ. ಕನ್ನಡದವು ಎರಡು. ಎರಡೂ ಶಿಶುನಾಳ ಶರೀಫರವು. ‘ಗುಡುಗುಡಿಯ ಸೇದಿ ನೋಡೋ’ ಶುರುವಾದ ಕೂಡಲೇ ಹುಡುಗ ಸ್ಟೇರಿಂಗಿನ ಮೇಲೆ ಬೆರಳು ಕುಟ್ಟತೊಡಗಿದ. ಹಾಡಿಗೆ ಓಟವಿದೆ, ನಿಜ. ಗುಡುಗುಡಿಯ ನೆಪದಲ್ಲಿ ಶರೀಫರು ದೇಹದ ವಿಚಾರ ಹೇಳುತ್ತಿದ್ದಾರೆ ಎಂಬುದು ಆ ಓಟದಲ್ಲಿ ಹಿಂದೆ ಬಿದ್ದುಹೋಗುತ್ತದೆ ಎಂಬುದೂ ನಿಜ.

ಆಮೇಲೆ ಬಂತು ‘ಸೋರುತಿಹುದು ಮನೆಯ ಮಾಳಿಗೆ’. ಇಲ್ಲಿ ಅವಸರವಿಲ್ಲ. ದನಿ ಮುಂದೆ, ವಾದ್ಯ ಹಿಂದೆ. ಮಾಳಿಗೆ ಸೋರುತ್ತಿದೆ, ಈ ಕತ್ತಲಲ್ಲಿ ಮೇಲೆ ಹತ್ತಿ ನೋಡಲಾರೆ ಎಂಬ ಅಳಲು ಒಂದೊಂದು ಮಾತಾಗಿ ಕಿವಿಗೆ ಬಿತ್ತು. ಆಫ್ ಮಾಡು ಅನ್ನಲಿಲ್ಲ. ಇನ್ನೊಂದು ಸಲ ಹಾಕು ಅಂದೆ.

ತೆಂಗಿನ ಸೀಮೆಯವರಿಗೆ ಸೋರುವ ಮಾಳಿಗೆ ಬರೀ ತತ್ವದ ಮಾತಲ್ಲ. ನಮ್ಮಲ್ಲಿ ಬಲಿತ ತೆಂಗಿನಕಾಯನ್ನು ಮೊಟ್ಟೆ, ಅಂದರೆ ಸಿಪ್ಪೆ, ಸಮೇತ ಅಟ್ಟಕ್ಕೆ ಹಾಕುತ್ತಾರೆ. ಅಲ್ಲಿ ಅದು ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಉರುಳಬೇಕು. ಉರುಳಿದರೆ ಗಿಟುಕು, ಅಂದರೆ ಉಂಡೆ ಕೊಬ್ಬರಿ, ತಯಾರು. ಇನ್ನೂ ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಈ ಮಧ್ಯೆ ಒಂದು ಹೆಂಚು ಸರಿದು ಒಂದೇ ಮೂಲೆಯಲ್ಲಿ ಸೋರಿದರೂ ಮೊಟ್ಟೆ ನೀರು ಹಿಡಿಯುತ್ತದೆ, ಬೂಷ್ಟು ಬರುತ್ತದೆ, ಒಳಗಿನ ಕೊಬ್ಬರಿ ಕಪ್ಪಾಗುತ್ತದೆ. ಅದು ತಿಳಿಯುವುದು ಸುಲಿದು ಒಡೆದ ದಿನವೇ. ವರ್ಷದ ದುಡಿಮೆಯನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಅರ್ಧ ಬೆಲೆಗೆ ಕೊಟ್ಟು ಬರಬೇಕು. ಹಾಗಾಗಿ ಮಳೆಗಾಲದ ರಾತ್ರಿ ನಮ್ಮ ಹಿರಿಯರು ಮಲಗಿದಲ್ಲಿಂದಲೇ ಅಟ್ಟದ ಕಡೆ ಕಿವಿಯಿಟ್ಟಿರುತ್ತಿದ್ದರು. ಶರೀಫರ ಊರು ಶಿಶುನಾಳ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನದು. ಅಲ್ಲಿನ ಮಣ್ಣಿನ ಮಾಳಿಗೆಯೇ ಬೇರೆ, ನಮ್ಮ ಹೆಂಚಿನ ಮನೆಯೇ ಬೇರೆ. ಸೋರುವ ಭಯ ಒಂದೇ.

ಹೇಳಿದ್ದು ಮಾಳಿಗೆ, ತಟ್ಟಿದ್ದು ಬದುಕು. ಇದನ್ನು ನಮ್ಮ ಕಾವ್ಯಮೀಮಾಂಸಕರು ಧ್ವನಿ ಎಂದರು. ಆ ವಿಚಾರವನ್ನು ಕನ್ನಡದಲ್ಲಿ ತಿಳಿಯಾಗಿ ಬಿಡಿಸಿ ಹೇಳಿದ ತೀ.ನಂ. ಶ್ರೀಕಂಠಯ್ಯನವರು ನಾವು ಅವತ್ತು ಹೊರಟಿದ್ದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೇ. ‘ಭಾರತೀಯ ಕಾವ್ಯಮೀಮಾಂಸೆ’ ಓದದವರೂ ಭಜನೆಯಲ್ಲಿ ಕೂತು ಈ ಪದಕ್ಕೆ ತಲೆದೂಗುತ್ತಾರೆ. ಧ್ವನಿ ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶರೀಫರನ್ನು ನಾಡಿನ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರಲ್ಲಿ ಬಂದ ಮೇಲಂತೂ ಶರೀಫರ ಪದ ಎಂದರೆ ಅಶ್ವಥ್ ಕಂಠವೇ ಎಂಬಂತಾಯಿತು. ಅವರದು ಗಗನಕ್ಕೆ ಕೂಗಿ ಕೇಳುವ ದನಿ. ರಘು ದೀಕ್ಷಿತ್ ಅದನ್ನು ಅನುಕರಿಸಲು ಹೋಗಿಲ್ಲ. ಒಬ್ಬನೇ ಕೂತು ತನಗೆ ತಾನೇ ಹೇಳಿಕೊಂಡಂತೆ ಹಾಡುತ್ತಾರೆ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿ, ಆಮೇಲೆ ಗಿಟಾರು ಹಿಡಿದವರು ಅವರು. ಅಶ್ವಥ್ ಪಕ್ಕದಲ್ಲಿ ಈ ಹಾಡಿಗೂ ಒಂದು ಮಣೆ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಗಿಟಾರಿನ ಮೇಲೆ ಸಿಟ್ಟು ಮಾಡಿಕೊಂಡೂ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಅದು ಹಳ್ಳಿಗರ ವಾದ್ಯವೂ ಹೌದು. 1927ರಲ್ಲಿ ವಿಕ್ಟರ್ ಕಂಪನಿಯ ರಾಲ್ಫ್ ಪೀರ್ ಎಂಬಾತ ಬ್ರಿಸ್ಟಲ್ ಎಂಬ ಊರಿಗೆ ರೆಕಾರ್ಡಿಂಗ್ ಸಾಮಾನು ತಂದು ಗುಡ್ಡಗಾಡಿನ ಹಾಡುಗಾರರನ್ನು ಕರೆದ. ವರ್ಜೀನಿಯಾದ ಹಳ್ಳಿಯಿಂದ ಬಂದ ಕಾರ್ಟರ್ ಕುಟುಂಬದವರೂ ಅವರಲ್ಲಿದ್ದರು. ‘ಕಂಟ್ರಿ’ ಎಂದು ಹೆಸರಾದ ಸಂಗೀತ ಮನೆಮನೆ ಸೇರಿದ್ದು ಅಂಥ ರೆಕಾರ್ಡುಗಳಿಂದ. ಆ ಮನೆಯ ಮೇಬೆಲ್ ಕಾರ್ಟರ್ ಹೆಬ್ಬೆರಳಿನಲ್ಲಿ ದಪ್ಪ ತಂತಿಗಳ ಮೇಲೆ ರಾಗ ಎತ್ತಿ, ಉಳಿದ ಬೆರಳಲ್ಲಿ ತಾಳ ಹಾಕುತ್ತಿದ್ದಳು. ರಾಗ, ತಾಳ ಎರಡರ ಕೆಲಸವೂ ಒಂದೇ ಕೈಯಲ್ಲಿ ನಡೆಯುತ್ತಿತ್ತು. ಹಾಡಿನ ಮಾತಿಗೆ ಅಡ್ಡಿ ಇರಲಿಲ್ಲ. ಸಾವು, ತಾಯಿ, ದೇವರು, ಬಿಟ್ಟುಬಂದ ಮನೆ ಅವರ ಹಾಡುಗಳಲ್ಲೂ ತುಂಬಿವೆ.

ಅಲ್ಲಿ ಆಗ ಒಬ್ಬ ರೆಕಾರ್ಡು ಮಾಡಿಕೊಂಡ, ಹಾಡು ಉಳಿಯಿತು. ನಮ್ಮಲ್ಲಿ ಸಾವಿನ ಮನೆಯ ಮುಂದೆ ಹಾರ್ಮೋನಿಯಂ, ತಬಲ, ತಾಳ ಇಟ್ಟುಕೊಂಡು ಬೆಳಗಿನ ತನಕ ತತ್ವಪದ ಹಾಡುವ ಮೇಳಗಳಿವೆ. ಅವರು ಶರೀಫರನ್ನೂ ಹಾಡುತ್ತಾರೆ, ಕೈವಾರದ ತಾತಯ್ಯನವರನ್ನೂ ಹಾಡುತ್ತಾರೆ. ಒಂದೊಂದು ಪದಕ್ಕೆ ಒಂದೊಂದು ಊರಿನ ಮಟ್ಟು. ಹಾಡುವವರಲ್ಲಿ ಬಹುಪಾಲು ವಯಸ್ಸಾದವರು. ರಘು ದೀಕ್ಷಿತರ ಆ ಹಾಡನ್ನು ತಪ್ಪದೆ ಕೇಳಿ. ನಿಮ್ಮೂರ ಭಜನೆಯಲ್ಲಿ ಕೂತಾಗ, ಹಾಡುವ ಹಿರಿಯರನ್ನು ಕೇಳಿ ಒಪ್ಪಿಸಿ, ಫೋನಿನಲ್ಲಿ ಒಂದಿಷ್ಟು ಪದಗಳನ್ನು ಪೂರ್ತಿ ರೆಕಾರ್ಡು ಮಾಡಿಕೊಳ್ಳಿ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡುವುದನ್ನು ಮರೆಯಬೇಡಿ.