ಕಿಲುಬು

ದೆಹಲಿಗೆ ಸಮುದ್ರವಿಲ್ಲ. ಆ ಕೊರತೆಯನ್ನು ನೀಗಿಸಲು ನಾನೇ ಹೊರಟೆ. ಮುರ್ಡೇಶ್ವರಕ್ಕೆ ಹೋದಾಗ ನೇತ್ರಾಣಿಯ ಬಳಿ ನೀರಿಗಿಳಿದು ಹವಳದ ದಿಬ್ಬ ಕಂಡ ಮಗಳು ಹಟ ಹಿಡಿದಳು. ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸ್‌ಗೆ 100 ಲೀಟರಿನ ಗಾಜಿನ ತೊಟ್ಟಿ ಬಂತು. ಕಲ್ಲುಹವಳಕ್ಕೆ 2001ರಿಂದ ಹುಲಿಯಷ್ಟೇ ಕಾನೂನಿನ ರಕ್ಷಣೆ ಇದೆ, ಮನೆಯಲ್ಲಿಡುವಂತಿಲ್ಲ. ಹಾಗಾಗಿ ಹವಳದ ನೆರೆಹೊರೆಯವರನ್ನಷ್ಟೇ ಕರೆತಂದೆವು: ಎರಡು ಕ್ಲೌನ್ ಮೀನು, ಮೂರು ಸೀಗಡಿ, ನಾಲ್ಕಾರು ಬಸವನಹುಳು. ಲೀಟರಿಗೆ ಸುಮಾರು 35 ಗ್ರಾಂನಂತೆ ಉಪ್ಪು ಬೆರೆಸಿ ಸಮುದ್ರ ತಯಾರಿಸಿದ್ದಾಯಿತು.

ಪಂಪಿನ ಕೊಳವೆ ಸೋರಿತು. ಪ್ಲಾಸ್ಟಿಕ್ ಎಷ್ಟು ದಿನ ಬಾಳೀತು ಎಂದು ಗಟ್ಟಿಮುಟ್ಟಾದ ಹಿತ್ತಾಳೆಯ ನಲ್ಲಿ ಕೂರಿಸಿದೆ. ಕೆಲವೇ ದಿನಗಳಲ್ಲಿ ಸೀಗಡಿಗಳು ಒಂದೊಂದಾಗಿ ಸತ್ತವು. ಮೀನುಗಳು ಮಾತ್ರ ಏನೂ ಆಗದಂತೆ ಓಡಾಡುತ್ತಿದ್ದವು. ಕೊಟ್ಟ ಅಂಗಡಿಯವನೊಡನೆ ಜಗಳವಾಡಿ ಬಂದೆ.

ಊರಿಂದ ಬಂದಿದ್ದ ಅಮ್ಮ ಒಂದು ಸಂಜೆ ಬಗ್ಗಿ ನೋಡಿದರು. “ಇದೇನೋ, ನಲ್ಲಿಗೆ ಕಿಲುಬು ಹಿಡಿದಿದೆ! ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ನಾವು ಹುಳಿ ಕೂಡ ಇಡಲ್ಲ, ನೀನು ಉಪ್ಪುನೀರಿಗೆ ಇಟ್ಟಿದ್ದೀಯಲ್ಲ!”

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಉಪ್ಪುನೀರು ಅದನ್ನು ತಿನ್ನುತ್ತದೆ. ಕರಗಿದ ತಾಮ್ರವನ್ನು ಮೀನು ಒಂದಿಷ್ಟು ತಡೆಯುತ್ತದೆ; ಮೀನಿನ ಪರೋಪಜೀವಿಗಳಿಗೆ ಅದೇ ಮದ್ದು. ಸೀಗಡಿ, ಬಸವನಹುಳು, ಹವಳಗಳಿಗೆ ಅದು ವಿಷ. ವಿಚಿತ್ರವೆಂದರೆ ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದೂ ತಾಮ್ರವೇ. ಅದಕ್ಕೇ ಆ ರಕ್ತಕ್ಕೆ ನೀಲಿ ಛಾಯೆ. ಬೇಕಾದದ್ದು ಬೇಕಾದಷ್ಟೇ ಇರಬೇಕು. ತಾಮ್ರದ ಚೊಂಬಿನಲ್ಲಿ ನೀರು ಕುಡಿದು ಬೆಳೆದ ನನಗೆ ಇದು ಹೊಳೆಯಲೇ ಇಲ್ಲ!

ನಲ್ಲಿ ಕಿತ್ತೆ. ಪಂಪನ್ನೂ ಬಿಚ್ಚಿ ನೋಡಿದರೆ ಒಳಗಿನ ಅಯಸ್ಕಾಂತದ ಹೊದಿಕೆ ಸೀಳಿ ತುಕ್ಕು ಇಣುಕುತ್ತಿತ್ತು, ಅದನ್ನೂ ಬದಲಾಯಿಸಿದೆ. ಕೊಳವೆ ಬಿಗಿಯುವ ಸ್ಟೀಲಿನ ಪಟ್ಟಿಗಳ ಜಾಗಕ್ಕೆ ಪ್ಲಾಸ್ಟಿಕ್ ಬಂತು. ನೀರನ್ನು ಕಂತುಕಂತಾಗಿ ಬದಲಾಯಿಸಿ, ಇದ್ದಿಲಿನ ಶೋಧಕ ಹಾಕಿದೆ. ಸುಣ್ಣಕಲ್ಲುಗಳನ್ನೂ ಹೊರಹಾಕಬೇಕಾಯಿತು; ಅವು ತಾಮ್ರವನ್ನು ಹೀರಿಟ್ಟುಕೊಂಡು ಮೆಲ್ಲಗೆ ಮತ್ತೆ ಬಿಡುತ್ತವೆ. ಅಂಗಡಿಯವನ ಕ್ಷಮೆ ಕೇಳಲು ಹೋದದ್ದು ಇದೆಲ್ಲಕ್ಕಿಂತ ಕಷ್ಟದ ಕೆಲಸ. ಅವನು ನಕ್ಕು ಚಹಾ ತರಿಸಿದ.

ತಿಂಗಳ ಮೇಲೆ ಒಂದೇ ಒಂದು ಸೀಗಡಿ ತಂದೆವು. ಹತ್ತನೆಯ ದಿನ ಬೆಳಗ್ಗೆ ಮಗಳು ಅಳುತ್ತಾ ಎಬ್ಬಿಸಿದಳು: “ಅಪ್ಪಾ, ಇದೂ ಹೋಯ್ತು.” ಮರಳಿನ ಮೇಲೆ ಬಿದ್ದಿದ್ದುದನ್ನು ಎತ್ತಿದರೆ ಒಳಗೇನೂ ಇಲ್ಲ, ಬರೀ ಪೊರೆ. ಸೀಗಡಿ ಕಲ್ಲಿನ ಹಿಂದೆ ಮೀಸೆ ಆಡಿಸುತ್ತಾ ಕೂತಿತ್ತು.