ಉರಿಯಿದ್ದೂ ಕಾವಿಲ್ಲದ ಮನೆ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನಮ್ಮ ತರ್ಕಶಾಸ್ತ್ರದ ಪ್ರಸಿದ್ಧ ದೃಷ್ಟಾಂತ. ಬೆಂಕಿಯಿದ್ದೂ ಕಾವಿಲ್ಲದಿದ್ದರೆ ಏನನ್ನು ಊಹಿಸಬೇಕು? ಈ ಪ್ರಶ್ನೆಯು ನಮಗೆ ಅಮೆರಿಕಾ ದೇಶದಲ್ಲಿ ಎದುರಾಯಿತು.

2019ನೆಯ ಇಸವಿಯ ಅಕ್ಟೋಬರಿನಲ್ಲಿ ಮಗನ ಸಂಸಾರದೊಡನೆ ನಾವು ಅರಿಜೋನಾ ಸಂಸ್ಥಾನದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯನ್ನು ನೋಡಹೋಗಿದ್ದೆವು. ನಮ್ಮ ವಾಹನವು ಬಾಡಿಗೆಯ ಮೋಟಾರು ಮನೆ. ಅಡಿಗೆ, ಸ್ನಾನ, ಶಯನಗಳೆಲ್ಲವೂ ಅದರೊಳಗೇ. ಕಮರಿಯ ದಕ್ಷಿಣದಂಚು ಸಮುದ್ರಮಟ್ಟಕ್ಕಿಂತ ಸುಮಾರು 7,000 ಅಡಿ ಎತ್ತರದಲ್ಲಿದೆ. ರಾತ್ರಿಯ ಚಳಿ ಮೂಳೆಗಿಳಿಯಿತು. ಪ್ರೊಪೇನ್ ಅನಿಲದ ಫರ್ನೇಸು ಮೊರೆಯುತ್ತಲೇ ಇದ್ದಿತು; ಮೊಮ್ಮಗಳು ಎರಡು ಕಂಬಳಿಗಳೊಳಗೂ ನಡುಗುತ್ತಿದ್ದಳು.

ಅಡಿಗೆಯ ಒಲೆಯನ್ನೂ ಹಚ್ಚಿಡೋಣವೆಂದು ಸೊಸೆ ಹೇಳಿದಳು. “ಬೇಡ ತಾಯಿ,” ಎಂದು ನಾವು ತಡೆದೆವು. ಮುಚ್ಚಿದ ಕೋಣೆಯಲ್ಲಿ ಒಲೆಯು ಉಸಿರಿನ ಗಾಳಿಯನ್ನೇ ಉಂಡು, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವನ್ನು ಬಿಡಬಲ್ಲುದು; ನಿದ್ರಿಸುವವರಿಗೆ ಅದರ ಸುಳಿವೂ ಸಿಕ್ಕದು. ಫರ್ನೇಸಾದರೋ ಬೇರೆ ಬಗೆ. ಅದರ ಉರಿ ಮುಚ್ಚಿದ ಲೋಹದ ಗೂಡಿನಲ್ಲಿ. ಹೊಗೆ ಮನೆಯ ಹೊರಕ್ಕೆ. ಫ್ಯಾನು ಕೋಣೆಯ ಗಾಳಿಯನ್ನೆಳೆದು ಆ ಗೂಡಿನ ಹೊರಮೈಗೆ ಸೋಕಿಸಿ, ಬಿಸಿಯಾದುದನ್ನು ಕೊಳವೆಗಳ ಮೂಲಕ ಮರಳಿ ಕಳುಹಿಸುತ್ತದೆ.

ದೋಷವನ್ನರಸುವವನು ಕಾರಣಗಳನ್ನು ಒಂದೊಂದಾಗಿ ಕಳೆಯತಕ್ಕದ್ದು. ಅನಿಲವು ತೀರಿತೆ? ಇಲ್ಲ, ಸಂಜೆ ಒಲೆ ಚೆನ್ನಾಗಿ ಉರಿದಿತ್ತು. ಚಳಿಗೆ ಅನಿಲವು ಏಳಲಾರದೆ ಹೋಯಿತೆ? ಪ್ರೊಪೇನ್ ಕುದಿಯುವುದು ಸೊನ್ನೆಗೂ 42 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಅಲ್ಲಿಯ ಚಳಿ ಅದಕ್ಕೆ ಲೆಕ್ಕವಲ್ಲ. ಬ್ಯಾಟರಿ ಕುಗ್ಗಿತೆ? 12 ವೋಲ್ಟಿನ ಫ್ಯಾನು ಬಲವಾಗಿಯೇ ತಿರುಗುತ್ತಿದ್ದಿತು. ಆಗ ಕಿವಿಗೊಟ್ಟು ಕುಳಿತೆವು. ಉರಿಯ ಸದ್ದು ಕೆಲವು ನಿಮಿಷಗಳಲ್ಲೇ ನಿಲ್ಲುವುದು, ಫ್ಯಾನು ಮಾತ್ರ ಓಡುವುದು, ಕೊಂಚ ತಡೆದು ಉರಿ ಮತ್ತೆ ಹೊತ್ತುವುದು. ಇದೇ ಹೇತು! ಗೂಡು ಮಿತಿಮೀರಿ ಕಾದಾಗ ಅನಿಲವನ್ನು ತಡೆಯುವ ರಕ್ಷಕ ಸ್ವಿಚ್ಚೊಂದು ಅದರಲ್ಲುಂಟು. ಆದುದರಿಂದ ಕಾವು ಹುಟ್ಟುತ್ತಿದೆ, ಹೊರಡಲು ದಾರಿಯಿಲ್ಲ.

ದೀಪ ಹಿಡಿದು ನೋಡಲಾಗಿ, ಗಾಳಿಯೆಳೆಯುವ ಜಾಲರಿಗೆ ಹಾಸಿಗೆಯ ಸುರುಳಿಯೊಂದು ಒರಗಿದ್ದಿತು. ಮಂಚದ ಕೆಳಗಣ ಕೊಳವೆಯು ಪೆಟ್ಟಿಗೆಯ ಭಾರಕ್ಕೆ ಚಪ್ಪಟೆಯಾಗಿದ್ದಿತು. ಮಗನು ಎರಡನ್ನೂ ಸರಿಸಿ ಕೊಳವೆಯನ್ನು ನೆಟ್ಟಗೆ ಮಾಡಿದನು. ಅರ್ಧ ಗಂಟೆಯಲ್ಲಿ ಮಗು ಒಂದು ಕಂಬಳಿಯನ್ನು ಒದ್ದು ಸುಖವಾಗಿ ನಿದ್ರಿಸಿತು.

ಇಂಥ ವಾಹನದಲ್ಲಿ ಪಯಣಿಸುವ ಗೃಹಸ್ಥರು ವಿಷವಾಯುವಿನ ಎಚ್ಚರಿಕೆಯ ಗಂಟೆಯನ್ನು ಮೊದಲು ಪರೀಕ್ಷಿಸಲಿ. ಹೊಗೆ ಹೊರಡುವ ಬಾಯಲ್ಲಿ ಕಣಜಗಳು ಗೂಡು ಕಟ್ಟುವುದುಂಟು. ಅದನ್ನು ಹಗಲಿನಲ್ಲೇ, ಫರ್ನೇಸು ತಣ್ಣಗಿರುವಾಗ ನೋಡಿಕೊಳ್ಳಲಿ. ಅನಿಲದ ಒತ್ತಡ, ಕವಾಟಗಳ ಗೊಡವೆ ಬಲ್ಲವರಿಗೇ ಇರಲಿ. ಕಾವು ಸಾಲದೆಂದು ಉರಿಯನ್ನು ಹೆಚ್ಚಿಸುವ ಮುನ್ನ ಗಾಳಿಗೆ ದಾರಿಯುಂಟೇ ಎಂದು ನೋಡುವುದು ವಿವೇಕ.